ಮಾಳಿಗೆ ಮೇಲಿನ ದುರ್ಬೀನು

ಪ್ರಶ್ನೆ: ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ 31 ವರ್ಷ ಪಾಳಿಯಲ್ಲಿ ದುಡಿದು ಹೋದ ವರ್ಷ ನಿವೃತ್ತನಾದೆ. ಈಗ ಸೇಡಂನಲ್ಲಿ ಸ್ವಂತ ಮನೆ. ರಾತ್ರಿಪಾಳಿ ಮುಗಿಸಿ ಸೈಕಲ್ ಮೇಲೆ ಬರುವಾಗ ತಲೆಯ ಮೇಲಿದ್ದ ಚುಕ್ಕಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕೆಂಬುದು ಬಹಳ ದಿನದ ಆಸೆ. ಶನಿಯ ಉಂಗುರ ಕಂಡರಂತೂ ಜನ್ಮ ಸಾರ್ಥಕ. ಹೆಂಡತಿಯ ತವರು ಚಿಂಚೋಳಿ ಹತ್ತಿರದ ಹಳ್ಳಿ. ಅಲ್ಲಿಗೆ ಹೋದಾಗ ಗುಡ್ಡ, ಕಾಡು, ಚಂದ್ರಂಪಳ್ಳಿ ಡ್ಯಾಮಿನ ನೀರು ನೋಡುವುದಕ್ಕೂ ಅದೇ ದುರ್ಬೀನು ಆಗಬೇಕು. ಅದಕ್ಕೆಂದು 12 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಪುಣೆಯಲ್ಲಿರುವ ಮಗ, “ಅಪ್ಪಾ, ಪವರ್ ಜಾಸ್ತಿ ಇದ್ದದ್ದೇ ತಗೋರಿ, 30×60 ಮೂರು ಸಾವಿರದಾಗ ಸಿಗ್ತದ” ಅನ್ನುತ್ತಾನೆ. ಗೆಳೆಯನೊಬ್ಬ ಜೂಮ್ ಇರುವುದೇ ಬೇಕೆನ್ನುತ್ತಾನೆ. ಮನೆಯವರ ಮಾತು ಬೇರೆಯೇ: “ಈ ವಯಸ್ಸಿನ್ಯಾಗ ಮಾಳಿಗಿ ಮ್ಯಾಲ ದುರ್ಬೀನ್ ಹಿಡ್ಕೊಂಡು ನಿಂತ್ರ ಓಣಿ ಮಂದಿ ಏನಂದಾರು?” ನನಗೆ 59 ವರ್ಷ, ಕನ್ನಡಕ ಇದೆ. ಯಾವುದು ತೆಗೆದುಕೊಳ್ಳಲಿ? ತೆಗೆದುಕೊಳ್ಳುವುದೇ ತಪ್ಪೇ?
– ಹೆಸರು ಬೇಡ, ಸೇಡಂ

ಉತ್ತರ: ತಪ್ಪಲ್ಲ ಯಜಮಾನರೇ. ಮೂವತ್ತೊಂದು ವರ್ಷ ಮಂದಿ ಮಲಗಿದ ಹೊತ್ತಿನಲ್ಲಿ ಎದ್ದು ದುಡಿದವರು ನೀವು. ರಾತ್ರಿಯ ಮೇಲೆ ನಿಮಗಿರುವಷ್ಟು ಹಕ್ಕು ಇನ್ನಾರಿಗಿದೆ? ಆದರೆ ಮಗನ ಮಾತು ಕೇಳಬೇಡಿ. ಗೆಳೆಯನ ಮಾತನ್ನಂತೂ ಕೇಳಲೇಬೇಡಿ. ಮನೆಯವರ ಮಾತಿಗೆ ಮಾತ್ರ ನ್ಯಾಯವಾದ ಉತ್ತರ ಕೊಡಬೇಕಾಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ‘ಪವರ್’ ಎಂಬ ಭೂತವನ್ನು ಇಳಿಸೋಣ. ದುರ್ಬೀನಿನ ಮೇಲೆ 10×50 ಎಂದು ಬರೆದಿದ್ದರೆ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯವರು ಮೊದಲ ಅಂಕಿಯನ್ನು ಮಾರುತ್ತಾರೆ. ಚುಕ್ಕಿ ನೋಡುವವರಿಗೆ ಬೇಕಾದದ್ದು ಎರಡನೆಯದು. ಚುಕ್ಕಿಯನ್ನು ಹತ್ತು ಪಟ್ಟು ಮಾಡಿದರೂ ನೂರು ಪಟ್ಟು ಮಾಡಿದರೂ ಅದು ಚುಕ್ಕಿಯೇ, ಅಷ್ಟು ದೂರವಿದೆ. ದುರ್ಬೀನು ಮಾಡುವ ನಿಜವಾದ ಕೆಲಸ ಬೆಳಕು ಕೂಡಿಹಾಕುವುದು. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಲಿಮೀಟರಿನವರೆಗೆ ಅರಳುತ್ತದೆ. ನಮ್ಮ ನಿಮ್ಮ ವಯಸ್ಸಿಗೆ 5ರ ಹತ್ತಿರ ಬಂದು ನಿಲ್ಲುತ್ತದೆ. 50 ಮಿಲಿಮೀಟರಿನ ಗಾಜು ಅದಕ್ಕಿಂತ ಹತ್ತು ಪಟ್ಟು ಅಗಲ, ಅಂದರೆ ಅದರ ಮೇಲೆ ಬೀಳುವ ಬೆಳಕು ನೂರು ಪಟ್ಟು.

ಇನ್ನೊಂದು ಲೆಕ್ಕ ಉಂಟು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. 10×50ಕ್ಕೆ 5 ಬರುತ್ತದೆ. ದುರ್ಬೀನಿನ ಹಿಂದಿನಿಂದ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಅದು, ನಿಮ್ಮ ಪಾಪೆಗೆ ಅಳತೆ ಕೊಟ್ಟು ಹೊಲಿಸಿದಂತೆ. 20×50ಕ್ಕೆ ಎರಡೂವರೆ, 30×60ಕ್ಕೆ ಎರಡೇ. ಅಷ್ಟು ಸಣ್ಣ ಬಿಲ್ಲೆಯಲ್ಲಿ ಮೋಡದಂಥ ಮಸುಕು ವಸ್ತುಗಳೆಲ್ಲ ದೊಡ್ಡದಾಗುವ ಬದಲು ಮಾಸಿಹೋಗುತ್ತವೆ. ನಿಮ್ಮ ಪಕ್ಕದ ಮಳಖೇಡದಲ್ಲಿ ಆಳಿದ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದು ಸಾವಿರದ ನೂರು ವರ್ಷ ದಾಟಿತು. ಆ ನೆಲದವರಿಗೆ ಒಂದು ಭಾಗಾಕಾರ ಭಾರವಾಗಲಾರದು. ಅಂಗಡಿಗೆ ಹೋದಾಗ ಮಾಡಿ ನೋಡಿ, ಉತ್ತರ 4ಕ್ಕಿಂತ ಕೆಳಗೆ ಬಂದರೆ ಡಬ್ಬಿ ಮುಚ್ಚಿ ವಾಪಸು ಕೊಡಿ.

ಮಗ ಹೇಳಿದ ಮೂರು ಸಾವಿರದ 30×60 ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮೇಲಿನ ಅಂಕಿಗಳೇ ಬಹುಮಟ್ಟಿಗೆ ಸುಳ್ಳು. 60 ಮಿಲಿಮೀಟರ್ ಅಂದರೆ ಎರಡೂಕಾಲು ಇಂಚಿಗೂ ಮಿಕ್ಕಿ. ಅಂಗಿಯ ಜೇಬಿನಲ್ಲಿ ಕೂರುವ ವಸ್ತುವಿಗೆ ಅಷ್ಟು ದೊಡ್ಡ ಗಾಜು ಎಲ್ಲಿಂದ ಬರಬೇಕು? ಸ್ಕೇಲ್ ಇಟ್ಟು ಅಳೆದರೆ ಕಳ್ಳ ಸಿಕ್ಕಿಬೀಳುತ್ತಾನೆ. 100×180 ಎಂದು ಬರೆದವೂ ಮಾರಾಟಕ್ಕಿವೆ, ಅವನ್ನು ನೋಡಿ ನಕ್ಕು ಮುಂದೆ ಹೋಗಿ.

ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ನಾನೂ ಮೋಸಹೋದವನು. ವರ್ಷಗಳ ಹಿಂದೆ ಹೈದರಾಬಾದಿನ ಒಂದು ಅಂಗಡಿಯಲ್ಲಿ ಜೂಮ್ ಇರುವ ದುರ್ಬೀನು ಕೊಂಡೆ. ಅಂಗಡಿಯವನು ಎದುರಿನ ಬೋರ್ಡು ತೋರಿಸಿದ, ಅಕ್ಷರ ಮೂಗಿಗೆ ಬಂದು ತಾಗಿತು, ದುಡ್ಡು ಎಣಿಸಿದೆ. ಮನೆಗೆ ಬಂದು ಚಂದ್ರನನ್ನು ನೋಡಿದರೆ ಚಂದ್ರ ಎರಡು. ಎರಡು ಕೊಳವೆಗಳೂ ಒಂದೇ ದಿಕ್ಕಿಗೆ ನೋಡುತ್ತಿರಲಿಲ್ಲ. ಜೂಮ್ ತಿರುಗಿಸುವಾಗ ಎರಡೂ ಕಡೆಯ ಗಾಜು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಸರಿಯಬೇಕು. ಅಗ್ಗದ ಮಾಲಿನಲ್ಲಿ ಅದು ಆಗುವ ಮಾತಲ್ಲ. ಮೇಲಾಗಿ ಜೂಮ್ ದುರ್ಬೀನಿನಲ್ಲಿ ಕಾಣುವ ಆಕಾಶ ಕೀಲಿಕೈ ತೂತಿನಷ್ಟು. ಅದು ಈಗಲೂ ನಮ್ಮ ಅಟ್ಟದ ಮೇಲಿದೆ, ಮೊಮ್ಮಕ್ಕಳ ಆಟದ ಸಾಮಾನಿನ ಜೊತೆ.

ಕೈ ನಡುಗುವುದು ಬೇರೆ. ನಡುಗದ ಕೈ ಯಾರದೂ ಇಲ್ಲ. ಹತ್ತು ಪಟ್ಟಿನ ದುರ್ಬೀನು ನಡುಕವನ್ನೂ ಹತ್ತು ಪಟ್ಟು ಮಾಡುತ್ತದೆ. ಬರಿಗೈಯಲ್ಲಿ ಹಿಡಿದು ನೋಡುವುದಕ್ಕೆ ಹತ್ತೇ ಮಿತಿ. ಅದರಾಚೆ ಸ್ಟ್ಯಾಂಡ್ ಬೇಕು. 15×70 ಒಳ್ಳೆಯ ವಸ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಕಿಲೋ ನಾನೂರು ಗ್ರಾಂ ಆಸುಪಾಸು ತೂಗುತ್ತದೆ. ಗಟ್ಟಿ ಸ್ಟ್ಯಾಂಡಿಗೆ ಮತ್ತೆ ದುಡ್ಡು. 20×80 ಎರಡು ಕಿಲೋ ಮೀರುತ್ತದೆ. ಅದನ್ನು ಕೊರಳಿಗೆ ಹಾಕಿಕೊಂಡು ಗೊಟ್ಟಂಗೊಟ್ಟದ ಗುಡ್ಡ ಹತ್ತಿದರೆ ಇಳಿಯುವಾಗ ಕುತ್ತಿಗೆ ನಿಮ್ಮದಾಗಿರುವುದಿಲ್ಲ.

ಈಗ ಶನಿಯ ಉಂಗುರ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಬಜೆಟ್ಟಿನ ಯಾವ ದುರ್ಬೀನಿನಲ್ಲೂ ಉಂಗುರವು ಉಂಗುರವಾಗಿ ಕಾಣುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ಪಟ್ಟಿನಲ್ಲಿ ಸ್ಟ್ಯಾಂಡಿಗೆ ಬಿಗಿದು ನೋಡಿದರೆ ಶನಿ ಕೊಂಚ ಉದ್ದುದ್ದ, ಶೇಂಗಾಕಾಳಿನ ಹಾಗೆ ಕಂಡೀತು. ಉಂಗುರ ಬಿಡಿಯಾಗಿ ಕಾಣುವುದಕ್ಕೆ ನಲವತ್ತು ಐವತ್ತು ಪಟ್ಟಿನ ಸಣ್ಣ ಟೆಲಿಸ್ಕೋಪ್ ಬೇಕು, ಅದು ಬೇರೆಯೇ ಬಾಬತ್ತು. ಆತುರವೂ ಇಲ್ಲ. 2025ರ ಮಾರ್ಚಿನಲ್ಲಿ ಆ ಉಂಗುರ ಭೂಮಿಗೆ ಅಂಚು ತೋರಿಸಿ ನಿಂತಿತ್ತು, ಅಲ್ಲಿಂದ ವರ್ಷ ವರ್ಷ ಸ್ವಲ್ಪ ಸ್ವಲ್ಪ ತೆರೆದುಕೊಳ್ಳುತ್ತಿದೆ. ನೀವು ಕಾದಷ್ಟೂ ಚೆನ್ನಾಗಿ ಕಾಣುತ್ತದೆ. ಅಷ್ಟರಲ್ಲಿ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ, ಟೆಲಿಸ್ಕೋಪಿನಲ್ಲಿ ಆಕಾಶ ತೋರಿಸುವ ಕಾರ್ಯಕ್ರಮ ಯಾವಾಗ ಎಂದು ಕೇಳಿಕೊಂಡು ಬನ್ನಿ. ಟಿಕೆಟ್ಟಿನ ದುಡ್ಡಿನಲ್ಲಿ ಉಂಗುರ ಕಂಡರೆ ಅದಕ್ಕಿಂತ ಅಗ್ಗ ಯಾವುದು?

ಉಂಗುರ ಬಿಟ್ಟರೆ ಉಳಿದದ್ದು ಏನೂ ಕಡಿಮೆಯಿಲ್ಲ. 1610ರ ಜನವರಿಯಲ್ಲಿ ಗೆಲಿಲಿಯೊ ಗುರುವಿನ ಸುತ್ತ ನಾಲ್ಕು ಚಂದ್ರರನ್ನು ಕಂಡದ್ದು ಇಪ್ಪತ್ತು ಪಟ್ಟಿನ ಕೊಳವೆಯಲ್ಲಿ. ಅವನಿಗೆ ಒಂದು ಸಲಕ್ಕೆ ಪೂರ್ಣಚಂದ್ರನ ಅರ್ಧ ಭಾಗವಷ್ಟೇ ಕಾಣುತ್ತಿತ್ತು. ನಿಮ್ಮ 10×50ರಲ್ಲಿ ಹದಿಮೂರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಆಕಾಶ ಒಟ್ಟಿಗೇ ಕಾಣುತ್ತದೆ. ಮೊಣಕೈಯನ್ನು ಗೋಡೆಗೆ ಊರಿ ಉಸಿರು ಹಿಡಿದರೆ ಗುರುವಿನ ಅದೇ ನಾಲ್ಕು ಚಂದ್ರರು ಕಾಣುತ್ತಾರೆ, ದಿನಕ್ಕೊಂದು ಜಾಗದಲ್ಲಿ.

ನಮ್ಮ ಸೀಮೆಗೆ ಇನ್ನೊಂದು ಲಾಭವಿದೆ, ದಿಲ್ಲಿಯವರಿಗೂ ಕಾಶ್ಮೀರದವರಿಗೂ ಇಲ್ಲದ್ದು. ನಾವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೇಳು ಡಿಗ್ರಿಯಲ್ಲಿದ್ದೇವೆ. ಧ್ರುವನಕ್ಷತ್ರ ನಮಗೆ ಉತ್ತರದಲ್ಲಿ ಹದಿನೇಳೇ ಡಿಗ್ರಿ ಎತ್ತರ, ಬೇವಿನ ಮರದ ಹಿಂದೆ ಅಡಗುವಷ್ಟು ಕೆಳಗೆ. ಅದರ ಬದಲಿಗೆ ದಕ್ಷಿಣದ ಆಕಾಶ ನಮಗೆ ಉದಾರವಾಗಿ ತೆರೆದಿದೆ. ಒಮೆಗಾ ಸೆಂಟಾರಿ ಎಂಬುದು ಲಕ್ಷಗಟ್ಟಲೆ ನಕ್ಷತ್ರಗಳ ಉಂಡೆ. ಮೇ ನಡುವಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ನಿಮ್ಮ ದಕ್ಷಿಣಕ್ಕೆ ಇಪ್ಪತ್ತೈದು ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಬರಿಗಣ್ಣಿಗೆ ಮಸುಕು ಚುಕ್ಕಿ, 10×50ರಲ್ಲಿ ಹಿಟ್ಟು ಚೆಲ್ಲಿದಂಥ ಬೆಳ್ಳನೆಯ ಉಂಡೆ. ಅಗಸ್ತ್ಯ ನಕ್ಷತ್ರ ಫೆಬ್ರವರಿಯ ರಾತ್ರಿಗಳಲ್ಲಿ ದಕ್ಷಿಣಕ್ಕೆ ಇಪ್ಪತ್ತು ಡಿಗ್ರಿ ಮೇಲೆ ಹೊಳೆಯುತ್ತಿರುತ್ತದೆ.

ಆದರೆ ಎಲ್ಲಿ ನಿಂತು ನೋಡುತ್ತೀರಿ ಎಂಬುದು ಮುಖ್ಯ. ವಾಡಿಯ ಎಸಿಸಿ, ಮಳಖೇಡದ ರಾಜಶ್ರೀ, ನಿಮ್ಮೂರಿನ ವಾಸವದತ್ತಾ – ಕಾರ್ಖಾನೆಗಳ ದೀಪ ರಾತ್ರಿಯಿಡೀ ಆರುವುದಿಲ್ಲ. ವಾಡಿ ಜಂಕ್ಷನ್ನಿನ ಯಾರ್ಡಿನ ದೀಪಗಳೂ ಸೇರಿ ವಾಡಿ, ಶಹಾಬಾದ್, ಚಿತ್ತಾಪುರದ ಕಡೆ ಆಕಾಶದ ಅಂಚು ಬೆಳ್ಳಗೆ ತೊಳೆದಂತಿರುತ್ತದೆ. ಮಾಳಿಗೆಯಿಂದ ಚಂದ್ರ, ಗುರು, ಕೃತ್ತಿಕೆ ಚೆನ್ನಾಗಿ ಕಾಣುತ್ತವೆ. ಆಕಾಶಗಂಗೆ ಬೇಕೆಂದರೆ ಚಿಂಚೋಳಿಗೇ ಹೋಗಬೇಕು. ಸೇಡಂನಿಂದ ಉತ್ತರಕ್ಕೆ ಹೋದಂತೆ ಬೆಳಕು ಹಿಂದೆ ಬೀಳುತ್ತದೆ. ಮುಂದೆ ಕುಂಚಾವರಂ ಕಾಡು, ತಾಂಡಾಗಳು, ಕತ್ತಲು. 2011ರಲ್ಲಿ ಅಲ್ಲಿನ 134 ಚದರ ಕಿಲೋಮೀಟರಿಗೂ ಮಿಕ್ಕ ಕಾಡು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ನರಿ ಇರುವ ಜಾಗ ಅದು. ಆದ್ದರಿಂದ ರಾತ್ರಿ ಕಾಡಿನೊಳಗೆ ಹೋಗುವ ಹುಚ್ಚು ಬೇಡ, ಅರಣ್ಯ ಇಲಾಖೆಯವರು ಬಿಡುವುದೂ ಇಲ್ಲ. ಮಾವನವರ ಮನೆಯ ಹೊಲವೇ ಸಾಕು. ಹನ್ನೆರಡು ಸಾವಿರದ ದುರ್ಬೀನಿಗಿಂತ ಬೆಲೆಬಾಳುವ ವಸ್ತು ಆ ಹೊಲದ ಕತ್ತಲು, ಅದು ನಿಮಗೆ ಬಳುವಳಿಯಾಗಿ ಬಂದಿದೆ.

ಯಾವ ರಾತ್ರಿ ಎಂದು ಕೇಳಿದರೆ ನಾನು ಎಳ್ಳಮಾಸಿ ಎನ್ನುತ್ತೇನೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ತಿಂದು ಸಂಜೆಗೆ ಎಲ್ಲರೂ ಗಾಡಿ ಕಟ್ಟುತ್ತಾರಲ್ಲ, ಆ ದಿನ ನೀವು ಎರಡು ತಾಸು ತಡಮಾಡಿ. ಅಮಾವಾಸ್ಯೆಯಾದ್ದರಿಂದ ಚಂದ್ರನ ಕಾಟವಿಲ್ಲ. ಚಳಿಗಾಲದ ಒಣಹವೆ, ಮೋಡವಿಲ್ಲ. ರಾತ್ರಿ ಒಂಬತ್ತಕ್ಕೆ ಕೃತ್ತಿಕೆ ನೆತ್ತಿಯ ಹತ್ತಿರ ಬಂದಿರುತ್ತದೆ. ಬರಿಗಣ್ಣಿಗೆ ಆರು ಕಾಣುವ ಚುಕ್ಕಿ ದುರ್ಬೀನಿನಲ್ಲಿ ಹತ್ತಾರು. ಪೂರ್ವದಲ್ಲಿ ಮೃಗಶಿರದ ಪಕ್ಕ ಮೂರು ಚುಕ್ಕಿಯ ಪಟ್ಟಿ, ಅದರ ಕೆಳಗೆ ಜೋತಾಡುವ ಕತ್ತಿಯ ನಡುವೆ ಒಂದು ಬೂದುಬಣ್ಣದ ಮೋಡ. ಅದು ನಕ್ಷತ್ರಗಳು ಹುಟ್ಟುವ ಜಾಗ. ವಾಯವ್ಯಕ್ಕೆ ಎತ್ತರದಲ್ಲಿ ದೇವಯಾನಿ ಗ್ಯಾಲಕ್ಸಿ. ಅಲ್ಲಿಂದ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ. ಅಮಾವಾಸ್ಯೆ ರಾತ್ರಿ ಹೊಲದಲ್ಲಿ ನಿಲ್ಲಬಾರದು ಅನ್ನುವ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಮೃಗಶಿರ ಮಳೆ, ಆರಿದ್ರಾ ಮಳೆ ಎಂದು ಜೀವಮಾನವೆಲ್ಲ ಲೆಕ್ಕ ಹಾಕಿದವರಲ್ಲಿ ಆ ನಕ್ಷತ್ರಗಳನ್ನು ಗುರುತಿಟ್ಟು ನೋಡಿದವರು ಕಡಿಮೆ. ಮಳೆ ಬರುವ ಜೂನಿನಲ್ಲಿ ಸೂರ್ಯ ಆ ನಕ್ಷತ್ರದಲ್ಲೇ ಇರುವುದರಿಂದ ಅದು ಆಗ ಕಾಣುವುದಿಲ್ಲ. ಕಾಣುವುದು ಎಳ್ಳಮಾಸಿಗೆ. ಇದನ್ನು ಹೇಳಿ ನೋಡಿ, ಮುದುಕರು ಎದ್ದುಹೋಗುವುದಿಲ್ಲ.

ನೋಡುವ ರೀತಿಯೂ ಸುಲಭ. ಹೊರಸು ಹಾಕಿ ಅಂಗಾತ ಮಲಗಿ, ತಲೆಗೆ ದಿಂಬು, ಮೊಣಕೈ ಎದೆಗೆ ಆನಿಸಿ. ಕುತ್ತಿಗೆ ನೋಯುವುದಿಲ್ಲ, ಕೈಯೂ ನಡುಗುವುದಿಲ್ಲ. ಅರ್ಧ ತಾಸು ಕತ್ತಲಲ್ಲಿ ಇದ್ದ ಮೇಲೆಯೇ ಕಣ್ಣು ಹದಕ್ಕೆ ಬರುವುದು. ನಡುವೆ ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ. ಬ್ಯಾಟರಿಗೆ ಕೆಂಪು ಬಟ್ಟೆ ಕಟ್ಟಿಕೊಳ್ಳಿ.

ಹಗಲಿನ ನೋಟಕ್ಕೆ ಬಂದರೆ, ಅಲ್ಲೂ ಹೆಚ್ಚು ಪವರ್ ಕೈಕೊಡುತ್ತದೆ. ಬೇಸಿಗೆಯಲ್ಲಿ ನಮ್ಮ ಬಿಸಿಲು 43, 44 ಡಿಗ್ರಿ. ಬಂಡೆಯಿಂದ ಏಳುವ ಝಳ ಇಪ್ಪತ್ತು ಪಟ್ಟಾದರೆ ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತದ ಜಾಗದಲ್ಲಿ ಕುದಿಯುವ ಎಸರು ಕಾಣುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಮಳೆ ನಿಂತ ಮರುದಿನ ನೋಡಿ. ಎಂಟು, ಹತ್ತು ಪಟ್ಟು ಧಾರಾಳ.

ಹಾಗಾದರೆ ಯಾವುದು? ನಿಮ್ಮ ಕನ್ನಡಕದ ಚೀಟಿ ತೆಗೆಯಿರಿ. ಅದರಲ್ಲಿ ‘ಸಿಲಿಂಡರ್’ ಎಂಬ ಸಾಲು ಇರುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಅಥವಾ ಒಂದಕ್ಕಿಂತ ಕಡಿಮೆ ಇದ್ದರೆ ಕನ್ನಡಕ ತೆಗೆದು ನೋಡಬಹುದು, ದುರ್ಬೀನಿನ ತಿರುಗಣಿಯೇ ನಿಮ್ಮ ನಂಬರನ್ನು ಸರಿಮಾಡಿಕೊಳ್ಳುತ್ತದೆ. ಆಗ 10×50 ತೆಗೆದುಕೊಳ್ಳಿ. ಸಿಲಿಂಡರ್ ಅದಕ್ಕಿಂತ ಹೆಚ್ಚಿದ್ದರೆ ಕನ್ನಡಕ ಹಾಕಿಕೊಂಡೇ ನೋಡಬೇಕು. ಆಗ ಕಣ್ಣು ಗಾಜಿನಿಂದ ದೂರ ನಿಲ್ಲುವುದರಿಂದ ಐ ರಿಲೀಫ್ ಎಂದು ಬರೆದ ಅಂಕಿ 16 ಮಿಲಿಮೀಟರ್ ಅಥವಾ ಹೆಚ್ಚಿರುವ 8×42 ಒಳ್ಳೆಯದು. ಬಹಳಷ್ಟು ಅಗ್ಗದ 10×50ಗಳಲ್ಲಿ ಅದು 12ರ ಹತ್ತಿರ ಇರುತ್ತದೆ, ಕನ್ನಡಕದವರಿಗೆ ಆಕಾಶದ ಅಂಚು ಕತ್ತರಿಸಿದಂತಾಗುತ್ತದೆ. 8×42 ಹಗುರ ಕೂಡ, ಮನೆಯವರೂ ಸಲೀಸಾಗಿ ಹಿಡಿಯಬಹುದು. ನಿಕಾನ್, ಸೆಲೆಸ್ಟ್ರಾನ್‌ನಂಥ ಹೆಸರಾದ ಕಂಪನಿಯ ಸಾದಾ ಮಾದರಿ ಸಾಕು.

ಕೊಳ್ಳುವ ಮುಂಚೆ ಮೂರು ನೋಟ ನೋಡಿ. ಮುಂದಿನ ಗಾಜನ್ನು ಬೆಳಕಿಗೆ ಓರೆ ಹಿಡಿದರೆ ಹಸಿರು, ನೇರಳೆ ಮಿಂಚಬೇಕು. ಮಾಣಿಕ್ಯದಂತೆ ಕೆಂಪಗೆ ಹೊಳೆಯುವುದು ಬರೀ ಅಲಂಕಾರ. ದುರ್ಬೀನನ್ನು ಕೈಯಳತೆಯಲ್ಲಿ ಹಿಡಿದು ಹಿಂಭಾಗದ ಗಾಜಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಅದು ದುಂಡಗಿದ್ದರೆ ಒಳಗಿನ ಪಟ್ಟಕ ಒಳ್ಳೆಯದು, ಅಂಚು ಚೌಕವಾಗಿ ಕತ್ತರಿಸಿದಂತಿದ್ದರೆ ಕಳಪೆ. ಕೊನೆಗೆ ದೂರದ ಕರೆಂಟ್ ತಂತಿ ನೋಡಿ, ಒಂದು ತಂತಿ ಎರಡಾಗಬಾರದು. ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸು ಮಾಡುವ ಗಡುವಿನೊಳಗೆ ಒಂದು ರಾತ್ರಿಯಾದರೂ ನಕ್ಷತ್ರ ನೋಡಿ ಪರೀಕ್ಷಿಸಿ.

ಧೂಳಿನ ವಿಷಯ ನಿಮಗೆ ನಾನು ಹೇಳಬೇಕೆ? ಆದರೂ ಹೇಳುತ್ತೇನೆ. ಗಾಜಿನ ಮೇಲೆ ಕೂತ ಸಿಮೆಂಟ್ ಅಥವಾ ಫರ್ಸಿ ಪುಡಿಯನ್ನು ಅಂಗಿಯ ಚುಂಗಿನಿಂದ ಒರೆಸಿದರೆ ಗೀರು ಬಿದ್ದು ಲೇಪ ಹೋಗುತ್ತದೆ. ಬಾಯಿಂದ ಹಬೆ ಊದಿ ಒರೆಸುವುದು ಇನ್ನೂ ಕೆಟ್ಟದ್ದು. ತೇವ ತಾಕಿದ ಸಿಮೆಂಟು ಏನಾಗುತ್ತದೆಂದು ನಿಮಗಿಂತ ಬಲ್ಲವರಿಲ್ಲ. ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆಯ ಬ್ರಶ್, ಅಷ್ಟೇ.

ಒಂದನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕು: ದುರ್ಬೀನಿನಲ್ಲಿ ಸೂರ್ಯನನ್ನು ಕ್ಷಣವೂ ನೋಡಕೂಡದು, ಕಣ್ಣು ಹೋಗುತ್ತದೆ. 2027ರ ಆಗಸ್ಟ್ 2ರಂದು ನಮ್ಮಲ್ಲಿ ಭಾಗಶಃ ಸೂರ್ಯಗ್ರಹಣವಿದೆ. ಆ ದಿನ ದುರ್ಬೀನನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೀಲಿ ಮಕ್ಕಳ ಕೈಗೆ ಸಿಗದಂತೆ ಇಡಿ.

ಇನ್ನು ನಿಮ್ಮ ಮನೆಯವರ ಮಾತು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮಾಳಿಗೆಗೆ ಮಾಳಿಗೆ ತಾಗಿದ ಓಣಿಯಲ್ಲಿ, ಬೇಸಿಗೆಯಲ್ಲಿ ಎಲ್ಲರೂ ಮೇಲೆಯೇ ಮಲಗುವ ಊರಿನಲ್ಲಿ, ಗಂಡಸೊಬ್ಬ ಕಣ್ಣಿಗೆ ದುರ್ಬೀನು ಹಚ್ಚಿ ಒಂಟಿಯಾಗಿ ನಿಂತರೆ ಮಂದಿ ಮಾತಾಡುತ್ತಾರೆ. ಮಾತಾಡುವುದು ಅವರ ಹಕ್ಕು ಕೂಡ, ಮಲಗಿದವರಲ್ಲಿ ಹೆಣ್ಣುಮಕ್ಕಳಿರುತ್ತಾರೆ. ಅದಕ್ಕೆ ಮೊದಲ ದಿನವನ್ನು ಕದ್ದುಮುಚ್ಚಿ ಮಾಡಬೇಡಿ. ಶುಕ್ಲಪಕ್ಷದ ಸಪ್ತಮಿ ಅಷ್ಟಮಿಯ ಸಂಜೆ, ಅರ್ಧಚಂದ್ರ ಇರುವಾಗ, ದುರ್ಬೀನನ್ನು ಮಾಳಿಗೆಗೆ ಒಯ್ಯದೆ ಮನೆಮುಂದಿನ ಕಟ್ಟೆಗೆ ತನ್ನಿ. ಓಣಿಯ ಮಕ್ಕಳನ್ನು ಕೂಗಿ. ಬೆಳಕು ನೆರಳು ಸೇರುವ ಗೆರೆಯಲ್ಲಿ ಚಂದ್ರನ ಕುಳಿಗಳು ಎದ್ದು ಕಾಣುವುದು ಆಗಲೇ, ಹುಣ್ಣಿಮೆಯ ದಿನ ಅಲ್ಲ. ಮಕ್ಕಳ ಹಿಂದೆ ಅವರ ತಾಯಂದಿರು, ಅವರ ಹಿಂದೆ ಅಜ್ಜಿಯರು ಬರುತ್ತಾರೆ. ಒಂದು ವಾರ ಕಳೆದರೆ ದುರ್ಬೀನು ನಿಮ್ಮದಾಗಿ ಉಳಿಯುವುದಿಲ್ಲ, ಓಣಿಯದಾಗುತ್ತದೆ. ಆಮೇಲೆ ಮಾಳಿಗೆ ಹತ್ತಿದರೆ ಕೇಳುವವರಿಲ್ಲ. ಆದರೂ ಅಲ್ಲಿ ಮಲಗಿ ನೋಡಿ, ನಿಲ್ಲಬೇಡಿ, ಮತ್ತು ಮನೆಯವರನ್ನು ಜೊತೆಗೆ ಕರೆಯಿರಿ. ಮೂವತ್ತೊಂದು ವರ್ಷದ ರಾತ್ರಿಪಾಳಿಗಳಲ್ಲಿ ಅವರು ಆ ಆಕಾಶದ ಕೆಳಗೆ ಒಬ್ಬರೇ ಮಲಗಿದ್ದರು ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ, ನಾನು ಊಹಿಸಿದ್ದೇನೆ.

ಕೊನೆಯದಾಗಿ, ದುಡ್ಡು ಬಿಚ್ಚುವ ಮುಂಚೆ ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ಹೋಗಿಬನ್ನಿ. ಐವತ್ತೊಂಬತ್ತರಲ್ಲಿ ಪೊರೆ ಶುರುವಾಗಿದ್ದರೆ ಚುಕ್ಕಿಯ ಸುತ್ತ ಬೆಳಕು ಹರಡಿದಂತೆ ಕಾಣುತ್ತದೆ. ಆಗ ಎಷ್ಟು ದುಬಾರಿ ದುರ್ಬೀನು ಕೊಂಡರೂ ಪ್ರಯೋಜನವಿಲ್ಲ.